ಬೀದಿನಾಯಿಯೂ ಅಲ್ಲದ, ಸಾಕುನಾಯಿಯೂ ಅಲ್ಲದ ಅಚ್ಚುವಿನ ಪರವಾಗಿ: ಮೈಸೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಪ್ರಾಣಿ ದಯಾ ಸಂಘದ ಅಧ್ಯಕ್ಷರು,
ಮೈಸೂರು.

ವಿಷಯ: ಅಂಗವೈಕಲ್ಯ ಮತ್ತು ವಾಸಿಯಾಗದ ಕಾಯಿಲೆ ಇರುವ, ರಕ್ಷಿಸಿ ತಂದ ನಾಯಿಗಳನ್ನು ಮನೆಯಲ್ಲಿಟ್ಟುಕೊಂಡು ಫಾಸ್ಟರ್ ಆಗಿ, ಅಂದರೆ ಮಾಲೀಕರಾಗದೆ ಆರೈಕೆಗೆ ಮಾತ್ರ, ನೋಡಿಕೊಳ್ಳುವವರಿಗೆ ಒಂದು ವ್ಯವಸ್ಥೆ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ನಾನು ಶ್ರೀರಾಂಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಬ್ಲೌಸ್, ಚೂಡಿದಾರ್, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಹುಟ್ಟೂರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕೂವರೆ ವರ್ಷದಿಂದ ನನ್ನ ಮನೆಯಲ್ಲಿ ಎರಡೂ ಹಿಂಗಾಲು ಸ್ವಾಧೀನವಿಲ್ಲದ ಒಂದು ಹೆಣ್ಣು ನಾಯಿ ಇದೆ. ಮೈಬಣ್ಣ ಆಲೆಮನೆಯ ಅಚ್ಚುಬೆಲ್ಲದ್ದು, ಅದಕ್ಕೇ ಅಚ್ಚು ಅಂತ ಹೆಸರಿಟ್ಟೆ. ಈ ನಾಯಿ ಕಾಗದದ ಮೇಲೆ ಯಾರದ್ದು ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಆ ಒಂದು ಪ್ರಶ್ನೆಯನ್ನು ತಮ್ಮ ಮುಂದೆ ಇಡುವುದಕ್ಕಾಗಿ ಈ ಪತ್ರ.

ಒಂದು ಆಷಾಢದ ರಾತ್ರಿ, ಸಣ್ಣಗೆ ಮಳೆ ಹಿಡಿದಿತ್ತು. ಗಿರಾಕಿಯೊಬ್ಬರ ಮದುವೆ ಬಟ್ಟೆ ತಲುಪಿಸಿ ಮಗನ ಸ್ಕೂಟರಿನಲ್ಲಿ ವಾಪಸ್ ಬರುತ್ತಿದ್ದೆವು. ರಿಂಗ್ ರಸ್ತೆಯ ನಡು ವಿಭಜಕದ ಪಕ್ಕ ಅದು ಮುಂಗಾಲಿನಿಂದಲೇ ಮೈಯನ್ನು ಎಳೆದುಕೊಂಡು ಬದಿಗೆ ಸರಿಯಲು ನೋಡುತ್ತಿತ್ತು. ಲಾರಿಗಳು ಎರಡೂ ಕಡೆಯಿಂದ ಹೋಗುತ್ತಿದ್ದವು. ಮಗ ಜಾಕೆಟ್ ಬಿಚ್ಚಿ ಸುತ್ತಿ ಎತ್ತಿಕೊಂಡ. ಕಚ್ಚಲಿಲ್ಲ. ಒಂದು ಆಶ್ರಯಧಾಮದವರು ಆ ಹೊತ್ತಿನಲ್ಲೂ ಗೇಟು ತೆಗೆದರು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಮುರಿದಿರುವುದು ಕಂಡಿತು.

ಐದು ವಾರ ಕಳೆದ ಮೇಲೆ ಅಲ್ಲಿಂದ ಫೋನ್ ಬಂತು. ‘ಅಮ್ಮಾ, ಇಲ್ಲಿ ಇಟ್ಟುಕೊಂಡರೆ ಇದು ಉಳಿಯಲ್ಲ. ಕೆಲವು ವಾರ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ?’ ಹೋಗಿ ನೋಡಿದೆ. ಸಿಮೆಂಟ್ ನೆಲದ ಮೇಲೆ ಎಳೆದಾಡಿ ತೊಡೆಯ ಚರ್ಮ ಕಿತ್ತುಹೋಗಿತ್ತು. ಮೂತ್ರದಲ್ಲೇ ಮಲಗಿ ಹೊಟ್ಟೆಯ ಕೆಳಭಾಗ ಬೆಂದಂತಾಗಿತ್ತು. ಆಶ್ರಯಧಾಮದವರನ್ನು ನಾನು ದೂರುವುದಿಲ್ಲ. ಎಪ್ಪತ್ತಕ್ಕೂ ಮಿಕ್ಕಿ ನಾಯಿಗಳಿಗೆ ಅಲ್ಲಿ ಇದ್ದವರು ಮೂರು ಜನ ಕೆಲಸಗಾರರು. ಅನ್ನ ಹಾಕಿ, ತೊಳೆದು, ಗಾಯಕ್ಕೆ ಮದ್ದು ಹಚ್ಚುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಬೆನ್ನು ಮುರಿದ ನಾಯಿಗೆ ಬೇಕಾದ್ದು ಬೇರೆಯೇ.

ಅದೇನು ಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ. ಕಚೇರಿಗಳಲ್ಲಿ ‘ನಾಯಿ ಸಾಕೋದು ತಾನೇ’ ಅನ್ನುವ ಮಾತನ್ನು ಬಹಳ ಸಲ ಕೇಳಿದ್ದೇನೆ.

ಅಚ್ಚುವಿಗೆ ತಾನಾಗಿ ಮೂತ್ರ ಮಾಡಲು ಆಗುವುದಿಲ್ಲ. ದಿನಕ್ಕೆ ನಾಲ್ಕು ಸಲ ನಾನು ಅದನ್ನು ನನ್ನ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಎರಡೂ ಅಂಗೈಗಳನ್ನು ಹೊಟ್ಟೆಯ ಹಿಂಭಾಗದಲ್ಲಿ ಇಟ್ಟು, ನೀರು ತುಂಬಿದ ಬಲೂನಿನ ಹಾಗೆ ಸಿಗುವ ಮೂತ್ರಕೋಶವನ್ನು ಹುಡುಕಿ ಹದವಾಗಿ ಒತ್ತಬೇಕು. ಜೋರಾಗಿ ಒತ್ತಿದರೆ ಅಪಾಯ, ಮೆಲ್ಲಗೆ ಒತ್ತಿದರೆ ಪೂರ್ತಿ ಖಾಲಿಯಾಗುವುದಿಲ್ಲ. ಉಳಿದ ಮೂತ್ರದಲ್ಲಿ ಸೋಂಕು ಹುಟ್ಟುತ್ತದೆ, ಅದು ಮೂತ್ರಪಿಂಡಕ್ಕೆ ಏರಿದರೆ ನಾಯಿ ಉಳಿಯುವುದು ಕಷ್ಟ. ಪಶುವೈದ್ಯರು ನನ್ನ ಕೈ ಮೇಲೆ ಕೈ ಇಟ್ಟು ಎರಡು ದಿನ ಕಲಿಸಿದರು. ಮೂವತ್ತು ವರ್ಷ ಬಟ್ಟೆ ಹಿಡಿದ ಕೈಯಾದರೂ ಈ ಹದ ಸಿಗಲು ಮೂರು ವಾರ ಹಿಡಿಯಿತು. ಈಗ ಬಣ್ಣ, ವಾಸನೆ ನೋಡಿಯೇ ಸೋಂಕು ಶುರುವಾಗಿದೆಯೋ ಇಲ್ಲವೋ ತಿಳಿಯುತ್ತದೆ. ಇದಲ್ಲದೆ ಒಂದೇ ಮಗ್ಗುಲಲ್ಲಿ ಮಲಗಿದರೆ ಹಾಸಿಗೆ ಹುಣ್ಣಾಗುತ್ತದೆ, ಹಾಗಾಗಿ ಆಗಾಗ ಹೊರಳಿಸಬೇಕು. ಮಕ್ಕಳ ಡಯಾಪರ್‌ಗೆ ಬಾಲದ ತೂತು ಕತ್ತರಿಸಿ ಹಾಕುತ್ತೇನೆ. ಒಳಗೆ ಓಡಾಡಲು ಹಳೇ ರೇನ್‌ಕೋಟ್ ಬಟ್ಟೆಯಿಂದ ಒಂದು ಚೀಲ ಹೊಲಿದೆ, ಹಿಂಭಾಗ ಅದರೊಳಗೆ ಇದ್ದರೆ ನೆಲಕ್ಕೆ ಚರ್ಮ ಉಜ್ಜುವುದಿಲ್ಲ. ಹೊರಗೆ ಹೋಗಲು ಪಿವಿಸಿ ಪೈಪು, ಮಕ್ಕಳ ಸೈಕಲ್ಲಿನ ಎರಡು ಚಕ್ರ ಸೇರಿಸಿ ನಮ್ಮ ಬೀದಿಯ ಸೈಕಲ್ ಶಾಪಿನವರು ಒಂದು ಗಾಡಿ ಮಾಡಿಕೊಟ್ಟರು. ಮೊದಲ ದಿನ ಹತ್ತು ನಿಮಿಷ ಅಲುಗಾಡದೆ ನಿಂತಿತ್ತು. ಆಮೇಲೆ ಎಳನೀರು ಗಾಡಿಯವರೆಗೆ ಒಂದೇ ಓಟ.

ಕೆಲವು ವಾರ ಎಂದು ತಂದದ್ದು ನಾಲ್ಕೂವರೆ ವರ್ಷವಾಯಿತು. ದತ್ತು ಶಿಬಿರಗಳಿಗೆ ನಾನೂ ಅದನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದೇನೆ. ಮರಿಗಳಿಗೆ, ಜಾತಿ ನಾಯಿಗಳಿಗೆ ಮಧ್ಯಾಹ್ನದೊಳಗೆ ಮನೆ ಸಿಗುತ್ತದೆ. ಅಚ್ಚುವಿನ ಮುಂದೆ ಜನ ಬಗ್ಗಿ ನಿಂತು ಕಣ್ಣೊರೆಸಿಕೊಂಡು ಹೋಗುತ್ತಾರೆ. ಅವರಿಗೆ ಮನಸ್ಸಿಲ್ಲ ಅಂತಲ್ಲ. ಒಬ್ಬರು ಅಜ್ಜ ನನ್ನ ಹತ್ತಿರ ಬಿಡಿಸಿ ಹೇಳಿದರು: ‘ಕೈಕಾಲು ಗಟ್ಟಿ ಇದೆಯಮ್ಮ, ಹೊತ್ತೂ ಇದೆ, ಒತ್ತೋದು ಕಲಿತೀನಿ. ಆದರೆ ನಾಳೆ ಐದಾರು ಸಾವಿರದ ಔಷಧಿ ಬಂದರೆ ಪಿಂಚಣಿ ಸಾಲದು. ನಾನೇ ಹೋಗಿಬಿಟ್ಟರೆ ಇದನ್ನ ಯಾರ ಕೈಗೆ ಕೊಡಲಿ?’ ಈ ಎರಡು ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ತಮ್ಮಲ್ಲಿದೆ ಎಂದು ನಂಬಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಅಚ್ಚುವಿನ ಮೂತ್ರದಲ್ಲಿ ರಕ್ತ ಬಂತು. ಪರೀಕ್ಷೆ, ಸ್ಕ್ಯಾನ್, ಇಂಜೆಕ್ಷನ್ ಸೇರಿ ಆ ತಿಂಗಳು ನನ್ನ ಹೊಲಿಗೆಯ ದುಡಿಮೆ ಅಷ್ಟೂ ಅದಕ್ಕೇ ಹೋಯಿತು. ಸಾಮಾನ್ಯ ತಿಂಗಳಲ್ಲೂ ನಾಲ್ಕು ಸಾವಿರಕ್ಕೆ ಕಮ್ಮಿ ಇಲ್ಲ. ಸಹಾಯ ಕೇಳಲು ಒಂದು ಕಚೇರಿಗೆ ಹೋದೆ. ಅಲ್ಲಿಯವರು ಒರಟಾಗಿ ಮಾತಾಡಲಿಲ್ಲ, ಕುರ್ಚಿ ಕೊಟ್ಟರು. ಕೇಳಿದ್ದು ಒಂದೇ: ‘ನಾಯಿ ಎಲ್ಲಿದೆ?’ ನನ್ನ ಮನೆಯಲ್ಲಿ ಎಂದೆ. ‘ಹಾಗಾದರೆ ನಿಮ್ಮದೇ ಸಾಕುನಾಯಿ ಆಯಿತಲ್ಲ, ಖರ್ಚು ಮಾಲೀಕರದ್ದು. ಬೀದಿಯಲ್ಲಿದ್ದಿದ್ದರೆ ಏನಾದರೂ ನೋಡಬಹುದಿತ್ತು.’

ಬಸ್ಸಿನಲ್ಲಿ ವಾಪಸ್ ಬರುವಾಗ ಆ ಮಾತನ್ನೇ ಯೋಚಿಸಿದೆ. ಇದೇ ನಾಯಿ ರಿಂಗ್ ರಸ್ತೆಯಲ್ಲಿ ಬಿದ್ದಿದ್ದರೆ ಅದರ ಮೇಲೆ ಊರಿಗೆ ಹೊಣೆ ಇತ್ತು. ನಾನು ಎತ್ತಿ ಒಳಗೆ ತಂದ ಕ್ಷಣ ಆ ಹೊಣೆ ಪೂರ್ತಿ ನನ್ನ ತಲೆಗೆ ಬಂತು. ಕಾಲೇಜು ಓದುವ ಮಗಳ ಕೈಲಿ ನಿಯಮಗಳನ್ನು ತೆಗೆಸಿ ಓದಿಸಿಕೊಂಡೆ. 2023ರ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳಲ್ಲಿ ಇರುವುದು ಎರಡೇ ವರ್ಗ, ಸಾಕುಪ್ರಾಣಿ ಮತ್ತು ಬೀದಿಯ ಪ್ರಾಣಿ. ಮೊದಲನೆಯದಕ್ಕೆ ಮಾಲೀಕ ಹೊಣೆ, ಎರಡನೆಯದಕ್ಕೆ ಸ್ಥಳೀಯ ಸಂಸ್ಥೆ ಹೊಣೆ. ಬೀದಿಯಿಂದ ಎತ್ತಿ ತಂದ, ಮತ್ತೆ ಬೀದಿಗೆ ಬಿಡಲಾಗದ, ಯಾರೂ ದತ್ತು ಒಯ್ಯದ, ಯಾರದೋ ಮನೆಯ ಮೂಲೆಯಲ್ಲಿ ಬದುಕಿರುವ ನಾಯಿಗೆ ಅಲ್ಲಿ ಕಾಲಂ ಇಲ್ಲ.

ಇಂಥವು ಎಲ್ಲಿಂದ ಬರುತ್ತವೆ ಎಂದು ಕೇಳಬಹುದು. ಹೆಚ್ಚಿನವು ರಸ್ತೆ ಅಪಘಾತದ್ದು. ಡಿಸ್ಟೆಂಪರ್ ಎಂಬ ನಾಯಿಗಳ ವೈರಸ್ ಕಾಯಿಲೆ ಬಂದು ಬದುಕುಳಿದು, ಜೀವಮಾನವಿಡೀ ಮೈ ಅದುರುವುದು, ಫಿಟ್ಸ್ ಬರುವುದು ಉಳಿದುಕೊಂಡವು ಕೆಲವು. ಕುರುಡು, ಕಿವುಡು. ವಯಸ್ಸಾಗಿ ಸೊಂಟ ಬಿದ್ದ ಮೇಲೆ ಕಾರಿನಲ್ಲಿ ತಂದು ಕೆರೆ ದಂಡೆಯಲ್ಲಿ ಇಳಿಸಿ ಹೋದ ಲ್ಯಾಬ್ರಡಾರ್ ಕೂಡ ನೋಡಿದ್ದೇನೆ, ಕೊರಳಲ್ಲಿ ಪಟ್ಟಿ ಹಾಗೇ ಇತ್ತು. ಪ್ರಾಣಿಯನ್ನು ಹಾಗೆ ಹಸಿವಿಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಬಿಟ್ಟು ಹೋದವರಿಗೆ 50 ರೂಪಾಯಿ, ಎತ್ತಿಕೊಂಡವರಿಗೆ ತಿಂಗಳಿಗೆ ನಾಲ್ಕು ಸಾವಿರ. ಇದು ಸರಿಯೇ ಎಂದು ತಾವೇ ಹೇಳಬೇಕು.

ದುಡ್ಡಿಗಿಂತ ನನ್ನನ್ನು ಹೆಚ್ಚು ಹಣ್ಣು ಮಾಡಿದ್ದು ಇನ್ನೊಂದು ಸಂಗತಿ. ಕಳೆದ ವರ್ಷ ನಮ್ಮತ್ತೆ ಮಂಡ್ಯದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಮಗ ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದ, ಮಗಳಿಗೆ ಪರೀಕ್ಷೆ. ಅಚ್ಚುವನ್ನು ಎಲ್ಲಿ ಬಿಡಲಿ? ಆಶ್ರಯಧಾಮದಲ್ಲಿ ಜಾಗ ಇರಲಿಲ್ಲ. ದುಡ್ಡು ಕೊಟ್ಟು ನಾಯಿ ಬಿಡುವ ಜಾಗಗಳಲ್ಲಿ ‘ನಡೆಯದ ನಾಯಿ ಬೇಡ’ ಎಂದರು. ಹತ್ತಿರದವರೆಲ್ಲ ಮರುಗಿದರು, ಆದರೆ ಮೂತ್ರಕೋಶ ಒತ್ತಲು ಯಾರಿಗೂ ಬರುವುದಿಲ್ಲ, ಭಯ. ಹಾಗಾಗಿ ನಸುಕಿನಲ್ಲಿ ಒತ್ತಿ, ಮೈ ಒರೆಸಿ, ಮೊದಲ ರೈಲಿಗೆ ಮಂಡ್ಯಕ್ಕೆ ಹೋಗಿ ಅತ್ತೆಗೆ ಗಂಜಿ ಕುಡಿಸಿ, ಮಧ್ಯಾಹ್ನ ವಾಪಸ್ ಬಂದು ಒತ್ತಿ, ಸಂಜೆ ಮತ್ತೆ ಮಂಡ್ಯ. ಒಂದು ದಿನ ಶ್ರೀರಂಗಪಟ್ಟಣದ ಹತ್ತಿರ ರೈಲು ಬಹಳ ಹೊತ್ತು ನಿಂತುಬಿಟ್ಟಿತು. ಇಲ್ಲಿ ಅತ್ತೆ ಒಬ್ಬರೇ, ಅಲ್ಲಿ ಅಚ್ಚುವಿನ ಹೊಟ್ಟೆ ಉಬ್ಬುತ್ತಿರುತ್ತದೆ. ಕಿಟಕಿಯ ಕಂಬಿ ಹಿಡಿದು ಅತ್ತುಬಿಟ್ಟೆ. ಆರನೇ ದಿನ ಎದುರುಮನೆಯ ಹತ್ತನೇ ತರಗತಿ ಹುಡುಗಿ ‘ಆಂಟಿ, ನನಗೆ ಹೇಳಿಕೊಡಿ’ ಎಂದು ಬಂದಳು. ಎರಡು ದಿನದಲ್ಲಿ ಕಲಿತಳು. ಅವಳಿಲ್ಲದಿದ್ದರೆ ಅಚ್ಚು ಇವತ್ತು ಇರುತ್ತಿರಲಿಲ್ಲ.

ಒಂಟಿಯಾಗಿ ಹೀಗೆ ಇಟ್ಟುಕೊಂಡವರು ಮೈಸೂರಿನಲ್ಲಿ ನಾನೊಬ್ಬಳೇ ಅಲ್ಲ. ಕುವೆಂಪುನಗರ, ಬೋಗಾದಿ, ಹೂಟಗಳ್ಳಿ, ಬನ್ನಿಮಂಟಪದ ಕಡೆಯವರು ಔಷಧಿ ಅಂಗಡಿಯಲ್ಲಿ, ಪಶುವೈದ್ಯರ ಬಾಗಿಲಲ್ಲಿ ಸಿಕ್ಕಿ ಪರಿಚಯವಾಗಿದ್ದಾರೆ. ಬಾಡಿಗೆ ಮನೆಯವರ ಪಾಡಂತೂ ಹೇಳಬಾರದು. ಯಾರ ಹತ್ತಿರವೂ ಒಂದು ಕಾಗದವಿಲ್ಲ. ಕಾಯಿಲೆ ಬಿದ್ದರೆ, ಊರಿಗೆ ಹೋಗಬೇಕಾದರೆ, ಸತ್ತರೆ ನಾಯಿಯ ಗತಿ ಏನು ಅನ್ನುವ ಭಯ ಎಲ್ಲರ ಎದೆಯಲ್ಲೂ ಒಂದೇ.

ವ್ಯವಸ್ಥೆ ಇಲ್ಲದೆ, ಬರೀ ಒಳ್ಳೆಯ ಮನಸ್ಸಿನಿಂದ ನಾಯಿ ಕೊಟ್ಟರೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇನೆ. ಒಂದು ಕುರುಡು ನಾಯಿಯನ್ನು ಒಂದು ಕುಟುಂಬ ಪ್ರೀತಿಯಿಂದಲೇ ಒಯ್ದಿತು. ಮುಟ್ಟುವ ಮೊದಲು ಮಾತಾಡಿಸಬೇಕು, ಕುರ್ಚಿ ಮಂಚದ ಜಾಗ ಬದಲಿಸಬಾರದು, ಮೆಟ್ಟಿಲ ಮುಂದೆ ಬೇರೆ ತರಹದ ಚಾಪೆ ಹಾಕಿದರೆ ಕಾಲಿಗೆ ಗುರುತು ಸಿಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಿದ್ದೆಯಲ್ಲಿದ್ದಾಗ ಮಗು ಹಿಂದಿನಿಂದ ಮುಟ್ಟಿತು, ನಾಯಿ ಬೆಚ್ಚಿ ಬಾಯಿ ಹಾಕಿತು. ಹತ್ತೊಂಬತ್ತನೇ ದಿನಕ್ಕೆ ಪಂಜರಕ್ಕೆ ವಾಪಸ್. ಇನ್ನೊಂದು ಡಿಸ್ಟೆಂಪರ್‌ನಿಂದ ಬದುಕಿದ ಕರಿ ನಾಯಿ. ಫಿಟ್ಸ್ ತಡೆಯುವ ಫೆನೋಬಾರ್ಬಿಟೋನ್ ಮಾತ್ರೆ ಹನ್ನೆರಡು ಗಂಟೆಗೊಮ್ಮೆ ತಪ್ಪದೆ ಕೊಡಬೇಕು. ಮೂರು ತಿಂಗಳು ಫಿಟ್ಸ್ ಬರಲಿಲ್ಲ, ವಾಸಿಯಾಯಿತು ಎಂದುಕೊಂಡು ಮನೆಯವರು ನಿಲ್ಲಿಸಿದರು. ಆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಮರಳುತ್ತದೆ. ಒಂದೇ ರಾತ್ರಿಯಲ್ಲಿ ಹೋಯಿತು. ಆ ಮನೆಯ ತಾಯಿ ಇವತ್ತಿಗೂ ತನ್ನನ್ನೇ ಬೈದುಕೊಳ್ಳುತ್ತಾರೆ. ಅವರ ಕೈಗೆ ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಟ್ಟಿದ್ದರೆ ಸಾಕಿತ್ತು. ಚೀಟಿಯಲ್ಲಿದ್ದದ್ದು ಇಂಗ್ಲಿಷಿನ ನಾಲ್ಕು ಅಕ್ಷರ.

ಮಾನ್ಯರೇ, ನಾನು ಕೇಳುತ್ತಿರುವುದು ಹೊಸದೇನೂ ಅಲ್ಲ. ನಮ್ಮ ಮಂಡ್ಯ ಸೀಮೆಯಲ್ಲಿ ಎಮ್ಮೆ, ಹಸು, ಮೇಕೆಯನ್ನು ವಾರಕ್ಕೆ, ಅಂದರೆ ಪಾಲಿಗೆ, ಕೊಡುವ ಪದ್ಧತಿ ಇದೆ. ಪ್ರಾಣಿ ಒಬ್ಬರದು, ಸಾಕುವುದು ಇನ್ನೊಬ್ಬರು. ನಮ್ಮವ್ವ ಹಾಗೆ ವಾರಕ್ಕೆ ತಂದ ಎಮ್ಮೆಯಲ್ಲೇ ನಮ್ಮನ್ನು ಓದಿಸಿದಳು. ಎಮ್ಮೆ ಮೇವು ಬಿಟ್ಟರೆ ಅವ್ವ ಮೊದಲು ಹೇಳಿ ಕಳಿಸುತ್ತಿದ್ದುದು ಒಡೆಯರ ಮನೆಗೆ. ಅವರು ಡಾಕ್ಟರನ್ನು ಕರೆತರುತ್ತಿದ್ದರು. ಅವ್ವನಿಗೆ ಸಾಕಲು ಆಗದ ವರ್ಷ ಒಡೆಯರ ಕೊಟ್ಟಿಗೆಗೆ ಎಮ್ಮೆ ಮರಳಿತು, ಯಾರೂ ಅವಳನ್ನು ಮಾತು ತಪ್ಪಿದವಳು ಅನ್ನಲಿಲ್ಲ. ಫಾಸ್ಟರ್ ಅಂದರೆ ಇದೇ. ನಾಯಿ ಸಂಸ್ಥೆಯ ಲೆಕ್ಕದಲ್ಲಿ ಇರಲಿ, ಚಿಕಿತ್ಸೆಯ ಹೊಣೆ ಅಲ್ಲಿರಲಿ, ನಮ್ಮ ಮನೆ, ನಮ್ಮ ಕೈ, ನಮ್ಮ ರಾತ್ರಿ ನಿದ್ದೆ ನಾವು ಕೊಡುತ್ತೇವೆ. ವಾರದ ಎಮ್ಮೆಯಲ್ಲಿ ಕರುವಿನ ಪಾಲು, ಹಾಲಿನ ಲಾಭ ಇತ್ತು. ಇಲ್ಲಿ ಅದೂ ಬೇಡ.

ಈಗಲೇ ಏಕೆ ಎಂದರೆ, ಕಾರಣ ಇದೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಸಂತಾನಹರಣ ಮಾಡಿ ಲಸಿಕೆ ಹಾಕಿದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬಿಸ್ ಇರುವ ಅಥವಾ ಶಂಕೆಯ, ಮೈಮೇಲೆ ಬೀಳುವ ನಾಯಿಗಳನ್ನು ಬಿಡಬಾರದು ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದ ನಾಯಿಗಳನ್ನು ಆಶ್ರಯಕ್ಕೆ ಸಾಗಿಸಬೇಕು, ಮತ್ತೆ ಅಲ್ಲಿಗೆ ಬಿಡಬಾರದು ಎಂದಿತು. ಆಶ್ರಯಧಾಮಗಳು ಇನ್ನಷ್ಟು ತುಂಬುತ್ತವೆ ಎಂದೇ ಇದರ ಅರ್ಥ. ಗಟ್ಟಿಮುಟ್ಟಾದ ನಾಯಿ ಗುಂಪಿನಲ್ಲಿ ತನ್ನ ಅನ್ನ ತಾನು ಕಿತ್ತುಕೊಂಡು ತಿನ್ನುತ್ತದೆ. ಕಾಲಿಲ್ಲದ, ಕಣ್ಣಿಲ್ಲದ ನಾಯಿ ತಟ್ಟೆಯ ಹತ್ತಿರವೂ ಬರಲಾರದು. ಹೊಸ ಶೆಡ್ಡುಗಳ ನಕ್ಷೆ ಹಾಕುವ ಈ ಹೊತ್ತಿನಲ್ಲೇ ಇಂಥ ನಾಯಿಗಳಿಗೆ ಮನೆಗಳ ವ್ಯವಸ್ಥೆಯನ್ನೂ ಸೇರಿಸಿ ಎಂದು ಬೇಡುತ್ತೇನೆ.

‘ಮನುಷ್ಯರಿಗೇ ದಿಕ್ಕಿಲ್ಲ, ನಾಯಿಗೆ ಇಷ್ಟೆಲ್ಲ ಯಾಕೆ’ ಅನ್ನುವವರಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಹಿಂದಿನ ಬೀದಿಯಲ್ಲೇ ನಾಯಿ ಕಚ್ಚಿ ಒಂದು ಮಗು ಇಂಜೆಕ್ಷನ್ ಹಾಕಿಸಿಕೊಂಡಿದೆ, ಆ ತಾಯಿಯ ಹೆದರಿಕೆ ನನಗೆ ಗೊತ್ತು. ಆದರೆ ನಾನು ಹೇಳುತ್ತಿರುವ ನಾಯಿಗಳು ಬೀದಿಯಲ್ಲಿಲ್ಲ, ಲಸಿಕೆ ಆದವು, ಬಾಗಿಲ ಒಳಗಿರುವಂಥವು. ಎಲ್ಲ ನಾಯಿಯನ್ನೂ ಹೇಗಾದರೂ ಉಳಿಸಲೇಬೇಕು ಎಂಬ ಹಟವೂ ನನಗಿಲ್ಲ. ವಾಸಿಯಾಗದ ನೋವಿನಲ್ಲಿರುವ ಪ್ರಾಣಿಗೆ ವೈದ್ಯರ ತೀರ್ಮಾನದ ಮೇಲೆ ದಯಾಮರಣ ಕೊಡಲು ನಿಯಮದಲ್ಲೇ ಅವಕಾಶವಿದೆ. ಒಂದು ಸಲ ನಾನೇ ತಲೆ ನೇವರಿಸುತ್ತ ಪಕ್ಕದಲ್ಲಿ ಕೂತಿದ್ದೇನೆ, ಅದು ಸರಿಯಾದ ತೀರ್ಮಾನವೇ ಆಗಿತ್ತು. ನೋಡಿಕೊಳ್ಳಲು ಒಂದು ಮನೆ ಸಿಗಲಿಲ್ಲ ಎಂಬ ಕಾರಣಕ್ಕೆ, ಇನ್ನೂ ಗಾಡಿ ಕಟ್ಟಿಕೊಂಡು ಎಳನೀರು ಗಾಡಿಯವರೆಗೆ ಓಡಬಲ್ಲ ನಾಯಿಯನ್ನು ಕೊಲ್ಲುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಹಾಗಾಗಿ ನನ್ನ ಬೇಡಿಕೆಗಳು ಇವು. ಜಿಲ್ಲಾ ಪ್ರಾಣಿ ದಯಾ ಸಂಘದಲ್ಲಿ ‘ಫಾಸ್ಟರ್ ಆರೈಕೆಯಲ್ಲಿರುವ ನಾಯಿ’ ಎಂದು ಒಂದು ಪ್ರತ್ಯೇಕ ದಾಖಲೆ ಪುಸ್ತಕ ತೆರೆಯಿರಿ. ಆ ಮೂರನೇ ಕಾಲಂ ತಮ್ಮ ಒಂದು ಆದೇಶದಿಂದ ಶುರುವಾಗಬಹುದು. ಅದರಲ್ಲಿ ಹೆಸರಿದ್ದ ನಾಯಿಗೆ ಒಂದು ಕಾರ್ಡು ಕೊಡಿ, ಕಾರ್ಡು ತೋರಿಸಿದರೆ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಪರೀಕ್ಷೆ, ಎಕ್ಸ್‌ರೇ, ಔಷಧಿ ಉಚಿತವಾಗಿ ಸಿಗಲಿ. ನಡೆಯಲಾಗದ ನಾಯಿಯನ್ನು ಆಟೋದಲ್ಲಿ ಹೊತ್ತೊಯ್ಯುವುದೇ ಒಂದು ಪಾಡು. 1962 ಸಂಖ್ಯೆಗೆ ಫೋನ್ ಮಾಡಿದರೆ ದನಕರುಗಳಿಗೆ ಮನೆ ಬಾಗಿಲಿಗೆ ಬರುವ ಪಶು ಚಿಕಿತ್ಸೆಯ ವಾಹನ ಈ ಕಾರ್ಡಿನ ನಾಯಿಗಳಿಗೂ ತಿಂಗಳಿಗೊಮ್ಮೆ ಬರುವಂತಾದರೆ ದೊಡ್ಡ ಉಪಕಾರ. ತಿಂಗಳಿಗೊಂದು ಭಾನುವಾರ ಮೂತ್ರಕೋಶ ಒತ್ತುವುದು, ಹುಣ್ಣು ತೊಳೆಯುವುದು, ಫಿಟ್ಸ್ ಬಂದಾಗ ಏನು ಮಾಡಬೇಕು ಅನ್ನುವುದನ್ನು ಪಶುವೈದ್ಯರು ಕಲಿಸಲಿ. ಕಲಿಸಿದ್ದನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೊಡಲಿ.

ಎಲ್ಲಕ್ಕಿಂತ ಮುಖ್ಯವಾಗಿ ನಮಗೆ ಒಂದು ಆಪತ್ತಿನ ಜಾಗ ಬೇಕು. ಸಾಕುವವರು ಆಸ್ಪತ್ರೆ ಸೇರಿದಾಗ, ಮನೆಯಲ್ಲಿ ಸಾವಾದಾಗ ಹತ್ತು ಹದಿನೈದು ದಿನ ನಾಯಿಯನ್ನು ಬಿಡಲು ತರಬೇತಾದ ಕೈ ಇರುವ ನಾಲ್ಕು ಕೋಣೆ ಸಾಕು. ಪ್ರಾಣಿ ದಯಾ ಸಂಘಗಳ 2001ರ ನಿಯಮಗಳಲ್ಲಿ ಚಿಕಿತ್ಸಾಲಯ ಮತ್ತು ಆಶ್ರಯಕ್ಕೆ ರಾಜ್ಯ ಸರ್ಕಾರ ಜಾಗ ಕೊಡಬೇಕೆಂದು ಇದೆ. ಆ ಜಾಗದ ಒಂದು ಮೂಲೆ ಇದಕ್ಕೆ ಮೀಸಲಾಗಲಿ.

ಕೊಡುವಾಗ ಬಿಗಿಯಾಗಿಯೇ ಕೊಡಿ. ಮನೆ ನೋಡಿ ಬನ್ನಿ, ಒಂದು ತಿಂಗಳು ಪರೀಕ್ಷೆಗೆ ಬಿಡಿ, ಒಂದು ಮನೆಗೆ ಇಂಥ ನಾಯಿ ಒಂದೋ ಎರಡೋ ಎಂದು ಮಿತಿ ಹಾಕಿ. ಕರುಳು ಚುರುಕ್ ಅಂದು ಹದಿನೈದು ನಾಯಿ ತುಂಬಿಕೊಂಡು ಎಲ್ಲವನ್ನೂ ನರಕ ಮಾಡಿದ ಮನೆಯನ್ನೂ ನಾನು ಬಲ್ಲೆ. ಶಸ್ತ್ರಚಿಕಿತ್ಸೆಗೆ, ದಯಾಮರಣಕ್ಕೆ ಯಾರು ಸಹಿ ಹಾಕಬೇಕು ಅನ್ನುವುದು ಮೊದಲ ದಿನವೇ ಬರವಣಿಗೆಯಲ್ಲಿರಲಿ. ಸಾಕಲಾಗದೆ ವಾಪಸ್ ತಂದವರನ್ನು ಅವಮಾನಿಸುವುದಿಲ್ಲ ಎಂಬ ಸಾಲೂ ಅದೇ ಕಾಗದದಲ್ಲಿರಲಿ.

ದುಡ್ಡಿನ ಮಾತಿಗೆ ಮೈಸೂರಿನಲ್ಲೇ ದಾರಿ ಇದೆ. ನಮ್ಮ ಚಾಮರಾಜೇಂದ್ರ ಮೃಗಾಲಯದಲ್ಲಿ ಜನ ಹುಲಿ, ಜಿರಾಫೆ, ಪಕ್ಷಿಗಳನ್ನು ದತ್ತು ಪಡೆದು ಮೇವಿನ ಖರ್ಚು ಕೊಡುತ್ತಾರೆ. ಕೊರೊನಾದಲ್ಲಿ ಗೇಟು ಮುಚ್ಚಿ ಟಿಕೆಟ್ ಹಣ ನಿಂತಾಗಲೂ ಜನ ಕೈಹಿಡಿದರು. ಹುಲಿಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಆದರೂ ಅದರ ಊಟ ತಮ್ಮದು ಎಂದು ಹೆಮ್ಮೆ ಪಡುತ್ತಾರೆ. ಅದೇ ರೀತಿ ಮನೆಯಲ್ಲಿ ನಾಯಿ ಇಟ್ಟುಕೊಳ್ಳಲಾಗದವರು ಒಂದು ನಾಯಿಯ ತಿಂಗಳ ಔಷಧಿ, ಡಯಾಪರ್ ತಮ್ಮದು ಎಂದು ವಹಿಸಿಕೊಳ್ಳಲು ಒಂದು ಖಾತೆ ತೆರೆದುಕೊಡಿ. ಲೆಕ್ಕ ಪ್ರತಿ ತಿಂಗಳೂ ಗೋಡೆಗೆ ಅಂಟಿಸಿ.

ಕೊನೆಯದಾಗಿ ಒಂದು ವಿಷಯ. ಆಶ್ರಯಧಾಮದ ಮೂರನೇ ಸಾಲಿನ ಕೊನೆಯ ಪಂಜರದಲ್ಲಿ ಕೆಂಚ ಎಂಬ ನಾಯಿ ಇದೆ, ಅಚ್ಚುವಿನ ಹಾಗೆಯೇ ಬೆನ್ನು ಮುರಿದದ್ದು, ಎರಡು ವರ್ಷದಿಂದ ಅಲ್ಲೇ. ದತ್ತು ಶಿಬಿರದಲ್ಲಿ ನನ್ನನ್ನು ಪ್ರಶ್ನೆ ಕೇಳಿದ ಅಜ್ಜ ಪ್ರತಿ ಭಾನುವಾರ ಬಸ್ಸಿನಲ್ಲಿ ಬಂದು ಅದರ ಪಕ್ಕ ಕೂತು ಹೋಗುತ್ತಾರೆ. ಕಳೆದ ತಿಂಗಳು ನಮ್ಮ ಮನೆಗೆ ಬಂದು ಅಚ್ಚುವಿನ ಮೇಲೆ ಒತ್ತುವುದನ್ನೂ ಕಲಿತಿದ್ದಾರೆ. ಔಷಧಿಗೆ ಒಂದು ದಾರಿ, ತಮ್ಮ ನಂತರ ನಾಯಿಗೆ ಒಂದು ಜಾಗ ಎಂದು ಯಾರಾದರೂ ಸಹಿ ಹಾಕಿ ಕೊಟ್ಟರೆ ಅದೇ ದಿನ ಕರೆದೊಯ್ಯುತ್ತೇನೆ ಅನ್ನುತ್ತಾರೆ. ಕೆಂಚನಿಗೆ ಬೇಕಾದ ಗಾಡಿಯ ಅಳತೆ ನಾನು ತೆಗೆದಿಟ್ಟಿದ್ದೇನೆ, ಚೀಲವೂ ಹೊಲಿದಾಗಿದೆ. ತಮಗೆ ಬಿಡುವಾದ ಯಾವುದೇ ದಿನ ಬಂದು ನೋಡಬಹುದು. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಹತ್ತೂವರೆ, ಈ ನಾಲ್ಕು ಹೊತ್ತಿನಲ್ಲಿ ನಾನು ಮನೆಯಲ್ಲಿ ಇದ್ದೇ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಚ್ಚುವನ್ನು ನೋಡಿಕೊಳ್ಳುತ್ತಿರುವ ಒಬ್ಬ ಟೈಲರ್,
ಶ್ರೀರಾಂಪುರ, ಮೈಸೂರು.

ಪ್ರತಿ: ಆಯುಕ್ತರು, ಮೈಸೂರು ಮಹಾನಗರ ಪಾಲಿಕೆ, ಉಪ ನಿರ್ದೇಶಕರು, ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆ, ಮೈಸೂರು.